ಆಂಟಿಪಾಸ್ಟೊ ಸಲಾಡ್ ಜೊತೆಗೆ ಏನು ಬಡಿಸೋದು?

ಹೋದ ಬೇಸಿಗೆಯಲ್ಲಿ ನಮ್ಮತ್ತೆ ಶಿವಮೊಗ್ಗದಿಂದ ಇಲ್ಲಿಗೆ, ನ್ಯೂಜೆರ್ಸಿಗೆ ಬಂದಿದ್ದರು. ಅವರಿಗೆ ಅಂತ ಮಾಂಸ ಹಾಕದೆ ಒಂದು ದೊಡ್ಡ ಬಟ್ಟಲು ಆಂಟಿಪಾಸ್ಟೊ ಸಲಾಡ್ ಮಾಡಿದ್ದೆ, ಅಂದರೆ ಲೆಟ್ಯೂಸ್ ಸೊಪ್ಪು, ಚೀಸ್, ಆಲಿವ್, ವಿನೆಗರ್‌ನಲ್ಲಿಟ್ಟ ತರಕಾರಿ ಎಲ್ಲ ಕಲಸಿದ್ದು. ಜೊತೆಗೆ ಗಾರ್ಲಿಕ್ ಬ್ರೆಡ್, ಮತ್ತೆ ಆಲಿವ್ ಮತ್ತು ಒಣ ಟೊಮೆಟೊ ಹಾಕಿದ ಪಾಸ್ತಾ. ಅತ್ತೆ ಒಂದು ಆಲಿವ್ ಬಾಯಿಗೆ ಹಾಕಿಕೊಂಡು, "ಇದು ನಮ್ಮ ಮಾವಿನ ಮಿಡೀನ ಉಪ್ಪುನೀರಲ್ಲಿ ಹಾಕಿಟ್ಟ ಹಾಗೇ ಇದೆಯಲ್ಲೇ" ಅಂದರು. ಇಷ್ಟಪಟ್ಟೇ ತಿಂದರು. ಅರ್ಧ ಊಟ ಆದಮೇಲೆ ಮೆಲ್ಲಗೆ ಕೇಳಿದರು, "ಒಂದು ತುತ್ತು ಮೊಸರನ್ನ ಇದೆಯೇನೆ?"

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಯಾಕೆಂದರೆ ತಪ್ಪು ಸಲಾಡಿನಲ್ಲಿರಲಿಲ್ಲ, ಅದರ ಸುತ್ತ ನಾನು ಇಟ್ಟಿದ್ದರಲ್ಲಿತ್ತು. ಸಲಾಡಲ್ಲಿ ಉಪ್ಪು, ಹುಳಿ, ಎಣ್ಣೆ. ಪಾಸ್ತಾದಲ್ಲೂ ಉಪ್ಪು, ಹುಳಿ, ಎಣ್ಣೆ. ಬ್ರೆಡ್ಡಲ್ಲೂ ಉಪ್ಪು ಬೆಣ್ಣೆ. ಉಪ್ಪಿನಕಾಯಿಗೆ ನಂಚಿಕೊಳ್ಳೋಕೆ ಇನ್ನೊಂದು ಉಪ್ಪಿನಕಾಯಿ ಕೊಟ್ಟ ಹಾಗೆ. ಉಪ್ಪಿನಕಾಯಿ ಚೆನ್ನಾಗಿರಬೇಕಾದರೆ ಪಕ್ಕದಲ್ಲಿ ಮೊಸರನ್ನ ಇರಬೇಕು ಅಲ್ವಾ? ಆಂಟಿಪಾಸ್ಟೊ ಸಲಾಡಿಗೂ ಅಷ್ಟೇ. ಇಟಲಿಯ ಅಡುಗೆಯಲ್ಲೇ ಅದಕ್ಕೆ "ಮೊಸರನ್ನ" ಆಗುವಂಥವು ಬೇಕಾದಷ್ಟಿವೆ, ನಾವು ಹುಡುಕಿ ಇಡಬೇಕು. ಆಮೇಲಿನ ಒಂದು ವರ್ಷ ನಾನು ಮಾಡಿದ್ದು ಅದನ್ನೇ. ಮಾಡಿ, ಬಡಿಸಿ, ಯಾವುದು ಖಾಲಿಯಾಯ್ತು ಯಾವುದು ಉಳೀತು ಅಂತ ನೋಡಿ ಕಲಿತದ್ದು ಇದು.

ಮೊದಲು ಬಟ್ಟಲು ನೋಡಿ

ಆಂಟಿಪಾಸ್ಟೊ ಅಂದರೆ "ಊಟಕ್ಕೆ ಮುಂಚೆ" ಅಂತ. ಪಾಸ್ಟೊ ಅಂದರೆ ಇಟಾಲಿಯನ್‌ನಲ್ಲಿ ಊಟ, ಪಾಸ್ತಾಗೂ ಅದಕ್ಕೂ ಸಂಬಂಧ ಇಲ್ಲ. ಇಟಲಿಯಲ್ಲಿ ಇದು ಸಲಾಡ್ ಅಲ್ಲವೇ ಅಲ್ಲ. ಒಂದು ತಟ್ಟೆಯಲ್ಲಿ ತೆಳ್ಳಗೆ ಹೆಚ್ಚಿದ ಹಂದಿಮಾಂಸದ ಸಲಾಮಿ, ಚೀಸ್, ಆಲಿವ್, ಎಣ್ಣೆಯಲ್ಲೋ ವಿನೆಗರ್‌ನಲ್ಲೋ ಇಟ್ಟ ತರಕಾರಿ, ಹೀಗೆ ಬಿಡಿಬಿಡಿಯಾಗಿ ಬರುತ್ತದೆ. ಅದಾದ ಮೇಲೆ ಪ್ರಿಮೊ, ಅಂದರೆ ಪಾಸ್ತಾ ಅಥವಾ ಸೂಪು. ಆಮೇಲೆ ಸೆಕೊಂಡೊ, ಅಂದರೆ ಮಾಂಸ ಅಥವಾ ಮೀನು, ಅದರ ಪಕ್ಕಕ್ಕೆ ಕೊಂತೊರ್ನೊ ಅನ್ನುವ ತರಕಾರಿ. ಕೊನೆಗೆ ಸಿಹಿ.

1880ರಿಂದ 1920ರ ನಡುವೆ ನಲವತ್ತು ಲಕ್ಷಕ್ಕೂ ಹೆಚ್ಚು ಇಟಾಲಿಯನ್ನರು ಅಮೆರಿಕಕ್ಕೆ ಬಂದರು, ಅದರಲ್ಲಿ ಬಹುಪಾಲು ನೇಪಲ್ಸ್, ಕಲಾಬ್ರಿಯಾ, ಸಿಸಿಲಿ ಕಡೆಯವರು. ಆ ತಟ್ಟೆಯಲ್ಲಿದ್ದದ್ದನ್ನೆಲ್ಲ ಲೆಟ್ಯೂಸ್ ಸೊಪ್ಪಿನ ಮೇಲೆ ಸುರಿದು, ಕೆಂಪು ವೈನ್ ವಿನೆಗರ್, ಆಲಿವ್ ಎಣ್ಣೆ, ಓರೆಗಾನೊ ಹಾಕಿ ಕಲಸಿದ್ದು ಇಲ್ಲಿನ ಇಟಾಲಿಯನ್ ಅಮೆರಿಕನ್ ಅಡುಗೆಮನೆ. ಪೆಪ್ಪರೋನಿ ಅನ್ನುವ ಖಾರದ ಸಲಾಮಿ ಕೂಡ ಇಲ್ಲೇ ಹುಟ್ಟಿದ್ದು. ಇಟಲಿಗೆ ಹೋಗಿ ಪೆಪೆರೋನಿ ಕೇಳಿದರೆ ದಪ್ಪ ಮೆಣಸಿನಕಾಯಿ ತಂದು ಕೊಡುತ್ತಾರೆ.

ಇದನ್ನ ಯಾಕೆ ಹೇಳಿದೆ ಅಂದರೆ, ಒಂದು ಇಡೀ ತಟ್ಟೆಯಷ್ಟು ಉಪ್ಪು ಹುಳಿ ಪದಾರ್ಥ ಈ ಒಂದೇ ಬಟ್ಟಲಲ್ಲಿ ಬಂದು ಕೂತಿದೆ. ಹಾಗಾಗಿ ಜೊತೆಗೆ ಏನು ಮಾಡಬೇಕು ಅಂತ ಯೋಚಿಸೋಕೆ ಮುಂಚೆ ನಿಮ್ಮ ಸಲಾಡಲ್ಲಿ ಏನೇನಿದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸಾಮಾನ್ಯವಾಗಿ ಇರುವುದು ಇಷ್ಟು: ಲೆಟ್ಯೂಸ್, ಸಲಾಮಿ ಅಥವಾ ಪೆಪ್ಪರೋನಿ, ಪ್ರೊವೊಲೋನೆ ಚೀಸ್, ಮೊಜರೆಲ್ಲಾ, ಆಲಿವ್, ಎಣ್ಣೆಯಲ್ಲಿ ನೆನೆಸಿದ ಆರ್ಟಿಚೋಕ್ ಅನ್ನುವ ಹೂಮೊಗ್ಗಿನ ತರಕಾರಿ, ಸುಟ್ಟು ಸಿಪ್ಪೆ ತೆಗೆದ ಕೆಂಪು ಕ್ಯಾಪ್ಸಿಕಂ, ವಿನೆಗರ್‌ನಲ್ಲಿಟ್ಟ ಪೆಪ್ಪರೊಂಚಿನಿ ಮೆಣಸಿನಕಾಯಿ, ಕೆಂಪು ಈರುಳ್ಳಿ, ಕೆಲವರ ಮನೆಯಲ್ಲಿ ಬೇಯಿಸಿದ ಕಾಬೂಲ್ ಕಡಲೆ. ಚೀಟಿಯಲ್ಲಿರುವ ಯಾವುದೂ ಪಕ್ಕದ ಪಾತ್ರೆಯಲ್ಲಿ ಮತ್ತೆ ಬರಬಾರದು. ಇದೊಂದೇ ನಿಯಮ ಪಾಲಿಸಿದರೂ ಅರ್ಧ ಕೆಲಸ ಮುಗೀತು. ನಾನು ಆಲಿವ್ ಪಾಸ್ತಾ ಮಾಡಿ ತಪ್ಪಿದ್ದು ಇಲ್ಲೇ.

ಇನ್ನರ್ಧ, ಬಟ್ಟಲಲ್ಲಿ ಏನಿಲ್ಲ ಅಂತ ನೋಡುವುದು. ಬಿಸಿ ಇಲ್ಲ. ಮೆತ್ತಗಿರುವುದು ಇಲ್ಲ. ಸಪ್ಪೆ ಇಲ್ಲ. ಸಿಹಿ ಇಲ್ಲ. ಹೊಟ್ಟೆ ತುಂಬುವ ಹಿಟ್ಟಿನ ಪದಾರ್ಥ ಇಲ್ಲ. ನೀವು ಮಾಡಬೇಕಾದದ್ದು ಇವುಗಳಲ್ಲಿ ಎರಡೋ ಮೂರೋ, ಐದೂ ಬೇಡ.

ಒಂದು ಪರೀಕ್ಷೆ ಹೇಳುತ್ತೇನೆ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಅವರ ಅಪ್ಪ ಅಮ್ಮ ಕಲಾಬ್ರಿಯಾದಿಂದ ಬಂದವರು. ಅವರು ಡ್ರೆಸ್ಸಿಂಗ್, ಅಂದರೆ ಸಲಾಡಿಗೆ ಹಾಕುವ ಎಣ್ಣೆ ವಿನೆಗರ್ ಮಿಶ್ರಣದ ರುಚಿ ನೋಡುವಾಗ ಚಮಚದಲ್ಲಿ ನೋಡುವುದಿಲ್ಲ. ಒಂದು ಲೆಟ್ಯೂಸ್ ಎಲೆ ಚೂರು ಹರಿದು, ಅದನ್ನ ಡ್ರೆಸ್ಸಿಂಗ್‌ನಲ್ಲಿ ಅದ್ದಿ, ಒಂದು ಸಲ ಕೊಡವಿ ಬಾಯಿಗೆ ಹಾಕಿಕೊಳ್ಳುತ್ತಾರೆ. ತಿನ್ನುವಾಗ ಹೇಗೆ ಸಿಗುತ್ತದೋ ಹಾಗೇ ರುಚಿ ನೋಡಬೇಕು ಅನ್ನುವುದು ಅವರ ಮಾತು. ಅದನ್ನೇ ನಾನು ಮುಂದಕ್ಕೆ ಎಳೆದಿದ್ದೇನೆ. ಸಲಾಡಿಂದ ಒಂದು ತುತ್ತು ತಿನ್ನಿ, ಆಮೇಲೆ ಪಕ್ಕದ ಪದಾರ್ಥ ಒಂದು ತುತ್ತು. ಈಗ ಕೈ ಮತ್ತೆ ಸಲಾಡಿನ ಕಡೆ ಹೋಗುತ್ತಾ? ಹೋದರೆ ಜೋಡಿ ಸರಿಯಾಗಿದೆ. ಕೈ ನೀರಿನ ಲೋಟಕ್ಕೆ ಹೋದರೆ ಉಪ್ಪು ಜಾಸ್ತಿಯಾಗಿದೆ. ಪಕ್ಕದ ಪದಾರ್ಥ ಒಂದನ್ನೇ ಸಪ್ಪೆ ಅಂತ ತೀರ್ಮಾನ ಮಾಡಿ ಉಪ್ಪು ಸುರಿಯಬೇಡಿ, ಅದು ಸ್ವಲ್ಪ ಸಪ್ಪೆ ಇರಲೇಬೇಕು.

ಬ್ರೆಡ್: ಬೇಕೇ ಬೇಕು, ಆದರೆ ಯಾವುದು?

ಬ್ರೆಡ್ ಇಲ್ಲದೆ ಈ ಸಲಾಡ್ ಬಡಿಸಬೇಡಿ. ತಟ್ಟೆಯ ತಳದಲ್ಲಿ ಉಳಿಯುವ ವಿನೆಗರ್ ಎಣ್ಣೆ ಒರೆಸಿಕೊಂಡು ತಿನ್ನೋದೇ ಅರ್ಧ ಸುಖ.

ಟಸ್ಕನಿಯಲ್ಲಿ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ಪೂರ್ತಿ ಸಪ್ಪೆ. ಬರೀ ಬ್ರೆಡ್ ತಿಂದವರಿಗೆ ಏನೋ ಮರೆತಿದ್ದಾರೆ ಅನ್ನಿಸುತ್ತದೆ. ಆದರೆ ಅಲ್ಲಿನ ಹಂದಿಮಾಂಸದ ಪ್ರೊಶುಟ್ಟೊ ಮತ್ತು ಪೆಕೊರಿನೊ ಚೀಸ್ ಎರಡೂ ಉಪ್ಪುಪ್ಪು, ಅವುಗಳ ಜೊತೆ ಆ ಬ್ರೆಡ್ ತಿಂದಾಗ ಅರ್ಥವಾಗುತ್ತದೆ. ನಮಗೆ ಆ ಬ್ರೆಡ್ ಸಿಗದಿದ್ದರೂ ಅದರ ಬುದ್ಧಿ ನಾವು ತಗೋಬಹುದು. ಅದಕ್ಕೇ ಗಾರ್ಲಿಕ್ ಬ್ರೆಡ್ ಇಲ್ಲಿ ನನ್ನ ಮೊದಲ ಆಯ್ಕೆ ಅಲ್ಲ. ಉಪ್ಪು ಬೆಣ್ಣೆ, ಬೆಳ್ಳುಳ್ಳಿ, ಮೇಲೆ ಚೀಸ್, ಎಲ್ಲ ಸೇರಿ ಸಲಾಡನ್ನ ಮುಚ್ಚಿಹಾಕುತ್ತವೆ.

ಬದಲಿಗೆ ಸುಲಭವಾದದ್ದು: ಗಟ್ಟಿ ಸಿಪ್ಪೆಯ ಬ್ರೆಡ್ಡನ್ನ ಬೆರಳಷ್ಟು ದಪ್ಪ ಹೆಚ್ಚಿ, ಕಾವಲಿ ಮೇಲೋ ಕೆಂಡದ ಮೇಲೋ ಎರಡೂ ಕಡೆ ಸುಡಿ. ಬಿಸಿ ಇರುವಾಗಲೇ ಸಿಪ್ಪೆ ತೆಗೆದ ಒಂದು ಬೆಳ್ಳುಳ್ಳಿ ಎಸಳನ್ನ ಅದರ ಮೇಲೆ ಒಂದೆರಡು ಸಲ ಉಜ್ಜಿ, ಜಾಸ್ತಿ ಬೇಡ. ಸುಟ್ಟ ಬ್ರೆಡ್ ತುರಿಮಣೆ ಥರ ಕೆಲಸ ಮಾಡುತ್ತದೆ, ಬೆಳ್ಳುಳ್ಳಿ ತಾನಾಗಿ ಕರಗಿ ಅಂಟಿಕೊಳ್ಳುತ್ತದೆ. ಮೇಲೆ ಒಳ್ಳೆ ಆಲಿವ್ ಎಣ್ಣೆ. ಟಸ್ಕನಿಯವರು ಇದನ್ನ ಫೆಟ್ಟುಂಟಾ ಅನ್ನುತ್ತಾರೆ, ರೋಮ್ ಕಡೆಯ ಬ್ರುಸ್ಕೆಟ್ಟಾದ ಮೂಲ ರೂಪವೂ ಇದೇ. ಅಂದಹಾಗೆ ಅದು ಬ್ರುಶೆಟ್ಟಾ ಅಲ್ಲ, ಬ್ರುಸ್ಕೆಟ್ಟಾ. ಟೊಮೆಟೊ ಹಾಕಿದ ಬ್ರುಸ್ಕೆಟ್ಟಾ ನನಗೂ ಇಷ್ಟವೇ, ಆದರೆ ಸಲಾಡಲ್ಲಿ ಟೊಮೆಟೊ ಇದ್ದರೆ ಇಲ್ಲಿ ಬೇಡ.

ಸಮಯ ಇದ್ದರೆ ಫೊಕಾಚಾ ಮಾಡಿ. ಜಿನೋವಾದ ಕಡೆಯ ಬ್ರೆಡ್ ಇದು. 500 ಗ್ರಾಂ ಮೈದಾ, ಸುಮಾರು 350 ಮಿಲಿಲೀಟರ್ ನೀರು, 4 ಗ್ರಾಂ ಒಣ ಯೀಸ್ಟ್, 8 ಗ್ರಾಂ ಉಪ್ಪು, ಎರಡು ದೊಡ್ಡ ಚಮಚ ಆಲಿವ್ ಎಣ್ಣೆ. ಹಿಂದಿನ ರಾತ್ರಿಯೇ ಕಲಸಿ ಫ್ರಿಜ್ಜಲ್ಲಿಡಿ. ಹಿಟ್ಟು ಕೈಗೆ ಅಂಟುವಷ್ಟು ಮೆತ್ತಗೇ ಇರಬೇಕು, ಚಪಾತಿ ಹಿಟ್ಟಿನ ಲೆಕ್ಕ ಮರೆತುಬಿಡಿ. ಮಾರನೇ ದಿನ ಎಣ್ಣೆ ಸವರಿದ ಟ್ರೇಗೆ ಹಾಕಿ, ಎರಡು ಗಂಟೆ ಉಬ್ಬೋಕೆ ಬಿಡಿ. ಆಮೇಲೆ ಬೆರಳ ತುದಿಗಳಿಂದ ತಳ ಮುಟ್ಟುವಷ್ಟು ಒತ್ತಿ ಗುಳಿ ಮಾಡಬೇಕು. ಪಕ್ಕದ ಮನೆ ಅಜ್ಜಿ ನನ್ನ ಕೈ ಹಿಡಿದು ಒತ್ತಿಸಿದರು, ನಾನು ಹಿಟ್ಟಿಗೆ ನೋವಾಗುತ್ತೇನೋ ಅನ್ನೋ ಥರ ಒತ್ತುತ್ತಿದ್ದೆ. "ಪಿಯಾನೊ ಬಾರಿಸೋ ಹಾಗೆ ಕಣಮ್ಮ, ಹತ್ತೂ ಬೆರಳು" ಅಂದರು. ಜಿನೋವಾದವರ ಗುಟ್ಟು ಅಂದರೆ ಆ ಗುಳಿಗಳಿಗೆ ನೀರು, ಎಣ್ಣೆ, ಉಪ್ಪು ಕಲಸಿ ಸುರಿಯುವುದು. ನೀರು ಆವಿಯಾಗಿ ಒಳಗೆ ಮೆತ್ತಗೆ, ಎಣ್ಣೆಯಿಂದ ಮೇಲೆ ಗರಿಗರಿ. ಈ ಸಲಾಡ್ ಜೊತೆಗಾದರೆ ಆ ನೀರಲ್ಲಿ ಉಪ್ಪು ಚಿಟಿಕೆ ಸಾಕು, ಮೇಲೆ ಹರಳುಪ್ಪು ಉದುರಿಸಲೇಬೇಡಿ. 220 ಡಿಗ್ರಿ ಸೆಲ್ಸಿಯಸ್‌ನಲ್ಲಿ 22ರಿಂದ 25 ನಿಮಿಷ.

ಇದ್ಯಾವುದಕ್ಕೂ ಪುರುಸೊತ್ತಿಲ್ಲವಾ? ಗ್ರಿಸ್ಸಿನಿ ಪ್ಯಾಕೆಟ್ ತನ್ನಿ, ಟುರಿನ್ ಕಡೆಯ ಕಡ್ಡಿಯಂಥ ಗರಿಗರಿ ಬ್ರೆಡ್. ಲೋಟದಲ್ಲಿ ನಿಲ್ಲಿಸಿ ಇಟ್ಟರೆ ಆಯ್ತು.

ಬಿಸಿ, ಮೆತ್ತಗೆ: ಫರಿನಾಟಾ

ಇದರ ಬಗ್ಗೆ ನಾನು ಉದ್ದ ಬರೆಯುತ್ತೇನೆ, ಯಾಕೆಂದರೆ ಅತ್ತೆಯ ಪ್ರಶ್ನೆಗೆ ನನಗೆ ಸಿಕ್ಕ ಅತಿ ಒಳ್ಳೆ ಉತ್ತರ ಇದು. ಮತ್ತೆ ಇದಕ್ಕೆ ಬೇಕಾದದ್ದು ಕಡಲೆಹಿಟ್ಟು, ಅದು ನಮ್ಮ ಎಲ್ಲರ ಮನೆಯ ಡಬ್ಬಿಯಲ್ಲೂ ಇರುತ್ತದೆ.

ಫರಿನಾಟಾ ಇಟಲಿಯ ಲಿಗುರಿಯಾ ಕರಾವಳಿಯದು, ಅಂದರೆ ಫೊಕಾಚಾದ ಊರಿನದೇ. ಗಡಿ ದಾಟಿ ಫ್ರಾನ್ಸಿನ ನೀಸ್‌ಗೆ ಹೋದರೆ ಸೊಕ್ಕಾ ಅನ್ನುತ್ತಾರೆ. ಅಗಲವಾದ ತಾಮ್ರದ ತಟ್ಟೆಯಲ್ಲಿ ಹಿಟ್ಟು ಹುಯ್ದು, ಸೌದೆ ಒಲೆಯ ಗೂಡಿಗೆ ತಳ್ಳಿ ಬೇಯಿಸುತ್ತಾರೆ. ನೋಡೋಕೆ ದಪ್ಪ ದೋಸೆ ಥರ, ತಿನ್ನೋಕೆ ಮೇಲೆ ಗರಿ, ಒಳಗೆ ಕಡುಬಿನಷ್ಟು ಮೆತ್ತಗೆ. ಹುಳಿ ಇಲ್ಲ, ಚೀಸ್ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಬೇಕಿಲ್ಲ. ಹಾಗಾಗಿ ಯಾರು ಬಂದರೂ ಬಡಿಸಬಹುದು.

250 ಗ್ರಾಂ ಕಡಲೆಹಿಟ್ಟಿಗೆ 750 ಮಿಲಿಲೀಟರ್ ನೀರು. ಒಂದಕ್ಕೆ ಮೂರು, ಅಷ್ಟು ನೆನಪಿಟ್ಟುಕೊಂಡರೆ ಸಾಕು. ಹಿಟ್ಟು ಜರಡಿ ಹಿಡಿದು, ನೀರು ಸ್ವಲ್ಪ ಸ್ವಲ್ಪವೇ ಹಾಕುತ್ತ ಗಂಟಿಲ್ಲದೆ ಕಲಸಿ. ನೀರುದೋಸೆ ಹಿಟ್ಟಿನಷ್ಟು ತೆಳ್ಳಗಾಗುತ್ತದೆ, ಹೆದರಬೇಡಿ, ಅದು ಸರಿಯೇ. ಕನಿಷ್ಠ ನಾಲ್ಕು ಗಂಟೆ ಹಾಗೇ ಬಿಡಿ. ಮೇಲೆ ಬಿಳಿ ನೊರೆ ಕಟ್ಟುತ್ತದೆ, ಅದನ್ನ ಚಮಚದಿಂದ ತೆಗೆದುಹಾಕಿ. ನೊರೆ ಬಿಟ್ಟರೆ ಮೇಲ್ಪದರ ನುಣ್ಣಗೆ ಬರುವುದಿಲ್ಲ. ಆಮೇಲೆ ಒಂದು ಸಣ್ಣ ಚಮಚ ಉಪ್ಪು, 80 ಮಿಲಿಲೀಟರ್ ಆಲಿವ್ ಎಣ್ಣೆ ಹಾಕಿ ಕಲಸಿ.

ಅವನ್ ಎಷ್ಟು ಜೋರಾಗಿ ಹೋಗುತ್ತದೋ ಅಷ್ಟು ಇಡಿ, 250 ಡಿಗ್ರಿ ಇದ್ದರೆ ಒಳ್ಳೆಯದು. 30 ಸೆಂಟಿಮೀಟರ್ ಅಗಲದ ಎರಡು ತಟ್ಟೆಗಳಿಗೆ ಈ ಹಿಟ್ಟು ಸಾಕು, ದಪ್ಪ ಮುಕ್ಕಾಲು ಸೆಂಟಿಮೀಟರ್ ದಾಟಬಾರದು. ಎಣ್ಣೆ ಸವರಿದ ತಟ್ಟೆಯನ್ನ ಮೊದಲು ಅವನ್‌ನಲ್ಲಿಟ್ಟು ಚೆನ್ನಾಗಿ ಕಾಯಿಸಿ, ಆಮೇಲೆ ಹಿಟ್ಟು ಹುಯ್ಯಿರಿ. ಕಾದ ತಟ್ಟೆಗೆ ಹಿಟ್ಟು ಬಿದ್ದ ತಕ್ಷಣ ಅಂಚಲ್ಲಿ ಚುಂಯ್ ಅಂತ ಸದ್ದು ಬಂದು, ಎಣ್ಣೆ ಹಿಟ್ಟಿನ ಮೇಲೆ ಬಂಗಾರದ ಬಣ್ಣದ ಕಣ್ಣುಗಳ ಹಾಗೆ ತೇಲುತ್ತದೆ. 20 ನಿಮಿಷದ ಹೊತ್ತಿಗೆ ಅಂಚು ತಟ್ಟೆ ಬಿಟ್ಟು, ಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಬರುತ್ತದೆ. ತೆಗೆದು ಐದು ನಿಮಿಷ ಬಿಟ್ಟು, ಕರಿಮೆಣಸಿನ ಪುಡಿ ಧಾರಾಳವಾಗಿ ಉದುರಿಸಿ, ತುಂಡು ಮಾಡಿ. ಅವನ್ ಇಲ್ಲದವರು ದಪ್ಪ ತಳದ ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ ಬೇಯಿಸಿ, ಒಂದು ಸಲ ಮಗುಚಿ. ಸೌದೆ ಒಲೆಯ ರುಚಿ ಬರುವುದಿಲ್ಲ, ಆದರೂ ತುಂಬ ಚೆನ್ನಾಗಿರುತ್ತದೆ.

ದಯವಿಟ್ಟು ಇದಕ್ಕೆ ಅರಿಶಿನ, ಜೀರಿಗೆ, ಹಸಿಮೆಣಸಿನಕಾಯಿ ಹಾಕಬೇಡಿ. ಕೈ ತಾನಾಗಿ ಹೋಗುತ್ತದೆ, ನನ್ನದೂ ಹೋಗಿತ್ತು. ಹಾಕಿದರೆ ಅದು ಬೇರೆ ತಿಂಡಿ ಆಗುತ್ತದೆ, ರುಚಿಯಾದ ತಿಂಡಿಯೇ, ಆದರೆ ಓರೆಗಾನೊ ವಿನೆಗರ್ ಜೊತೆ ಹೊಂದುವುದಿಲ್ಲ. ಸಲಾಡಲ್ಲಿ ಕಾಬೂಲ್ ಕಡಲೆ ಇದ್ದರೆ ಅವತ್ತು ಅದನ್ನ ಬಿಟ್ಟುಬಿಡಿ, ಚೀಟಿಯ ನಿಯಮ.

ಕಡಲೆ ಬೇಡ ಅಂದರೆ ಆಲೂಗಡ್ಡೆ. ದೊಡ್ಡ ತುಂಡು ಮಾಡಿ ಎಂಟು ನಿಮಿಷ ಬೇಯಿಸಿ, ನೀರು ಬಸಿದು, ಪಾತ್ರೆಯಲ್ಲೇ ಕುಲುಕಿ ಅಂಚು ಒರಟು ಮಾಡಿ, ಎಣ್ಣೆ ಮತ್ತು ರೋಸ್ಮರಿ ಹಾಕಿ 220 ಡಿಗ್ರಿಯಲ್ಲಿ 40 ನಿಮಿಷ ಹುರಿಯಿರಿ. ಎಲ್ಲರೂ ತಿನ್ನುತ್ತಾರೆ, ಮಕ್ಕಳಂತೂ ಸಲಾಡ್ ಬಿಟ್ಟು ಇದನ್ನೇ ತಿನ್ನುತ್ತಾರೆ.

ಚಳಿಗಾಲದಲ್ಲಾದರೆ ಪೊಲೆಂಟಾ. ಇದು ಉತ್ತರ ಇಟಲಿಯದು, ಮೆಕ್ಕೆಜೋಳದ ರವೆಯನ್ನ ನಾಲ್ಕೈದು ಪಟ್ಟು ನೀರಲ್ಲಿ ಮುಕ್ಕಾಲು ಗಂಟೆ ತಿರುವಿ ತಿರುವಿ ಬೇಯಿಸುವುದು. ಮುದ್ದೆ ತಿರುವಿ ಗೊತ್ತಿರುವ ಕೈಗೆ ಇದು ಕಷ್ಟವೇ ಅಲ್ಲ. ಕೊನೆಗೆ ಒಂದು ತುಂಡು ಉಪ್ಪಿಲ್ಲದ ಬೆಣ್ಣೆ. ತಣ್ಣನೆಯ ಹುಳಿ ಸಲಾಡು, ಪಕ್ಕದಲ್ಲಿ ಹಬೆಯಾಡುವ ಪೊಲೆಂಟಾ, ಇದು ನಿಜಕ್ಕೂ ಮೊಸರನ್ನ ಉಪ್ಪಿನಕಾಯಿಯ ಜೋಡಿಯಷ್ಟೇ ಸರಿಯಾದ ಜೋಡಿ.

ಸೂಪು ಮತ್ತು ಪಾಸ್ತಾ

ಸೂಪಲ್ಲಿ ಮಿನೆಸ್ಟ್ರೋನೆ ಒಳ್ಳೆಯದು. ಕ್ಯಾರೆಟ್, ಸೆಲರಿ, ಆಲೂಗಡ್ಡೆ, ಜುಕಿನಿ, ಬಿಳಿ ಬೀನ್ಸ್ ಕಾಳು, ಸಣ್ಣ ಪಾಸ್ತಾ. ಟೊಮೆಟೊ ಕಮ್ಮಿ ಮಾಡಿ, ಹುಳಿ ಈಗಾಗಲೇ ಸಲಾಡಲ್ಲಿದೆ. ಬಿಳಿ ಬೀನ್ಸ್ ಒಂದು ಹಿಡಿ ಅರೆದು ಹಾಕಿದರೆ ಸೂಪು ಗಟ್ಟಿಯಾಗಿ ನಾಲಿಗೆಗೆ ಹಿತವಾಗಿರುತ್ತದೆ. ಬೇಸಿಗೆಯಲ್ಲಿ ಇಟಲಿಯವರು ಇದನ್ನ ಬಿಸಿ ಮಾಡದೆ, ಹಾಗೇ ಆರಿದ್ದನ್ನೇ ತಿನ್ನುತ್ತಾರೆ, ನೀವೂ ತಿನ್ನಬಹುದು.

ಪಾಸ್ತಾ ಮಾಡಲೇಬೇಕು ಅಂತಿದ್ದರೆ ನೇಪಲ್ಸ್ ಕಡೆಯ ಆಲಿಯೊ ಎ ಓಲಿಯೊ ಮಾಡಿ, ಬೆಳ್ಳುಳ್ಳಿ ಎಣ್ಣೆ ಪಾಸ್ತಾ. ಬೆಳ್ಳುಳ್ಳಿಯನ್ನ ತೆಳ್ಳಗೆ ಹೆಚ್ಚಿ, ತಣ್ಣನೆಯ ಎಣ್ಣೆಯಲ್ಲಿ ಹಾಕಿ ಸಣ್ಣ ಉರಿಯಲ್ಲಿ ಇಡಿ, ಕಂದಾಗೋಕೆ ಮುಂಚೆ ಪಾಸ್ತಾ ಬೆಂದ ನೀರು ಒಂದು ಸೌಟು ಹಾಕಿ. ಪಾಸ್ತಾ ಬೇಯಿಸೋಕೆ ಇಟಲಿಯ ಲೆಕ್ಕ 100 ಗ್ರಾಂ ಪಾಸ್ತಾಗೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ಇವತ್ತು ಮಾತ್ರ ಉಪ್ಪು 6 ಗ್ರಾಂಗೆ ಇಳಿಸಿ. ಚೀಸ್ ಬೇಡ. ಒಣಮೆಣಸಿನಕಾಯಿ ಕೂಡ ಅರ್ಧ ಸಾಕು. ಅಲ್ಫ್ರೆಡೊ ಥರದ ಕೆನೆ ಸಾಸ್‌ಗಳನ್ನ ನಾನು ಮಾಡುವುದಿಲ್ಲ. ಎಣ್ಣೆ ಚೀಸ್ ತಿಂದ ಬಾಯಿಗೆ ಮತ್ತೆ ಕೆನೆ ಚೀಸ್ ಕೊಟ್ಟರೆ ಎರಡೇ ತುತ್ತಿಗೆ ಸಾಕಾಗಿಬಿಡುತ್ತದೆ.

ಸಿಹಿ ಅಂದರೆ ಹಣ್ಣು

ಇದನ್ನ ಬಹಳ ಜನ ಮರೆಯುತ್ತಾರೆ. ಇಟಲಿಯಲ್ಲಿ ಬೇಸಿಗೆಯ ಆಂಟಿಪಾಸ್ಟೊ ಅಂದರೆ ಪ್ರೊಶುಟ್ಟೊ ಸುತ್ತಿದ ಕರಬೂಜದ ಹೋಳು. ಉಪ್ಪಿಗೆ ಸಿಹಿ, ಒಣಕಲಿಗೆ ರಸ. ಆ ಜೋಡಿಯನ್ನ ಬಿಡಿಸಿ ಇಡಿ: ಸಲಾಡ್ ಒಂದು ಕಡೆ, ತಣ್ಣಗೆ ಹೆಚ್ಚಿದ ಕರಬೂಜ ಇನ್ನೊಂದು ಕಡೆ, ಏನೂ ಹಾಕದೆ. ಎರಡು ನಿಮಿಷದ ಕೆಲಸ, ಬಟ್ಟಲು ಮೊದಲು ಖಾಲಿಯಾಗೋದು ಇದೇ. ಪೀಚ್ ಕೂಡ ಆಗುತ್ತದೆ. ಚಳಿಗಾಲದಲ್ಲಿ ಸಿಸಿಲಿಯವರ ಹಾಗೆ ಕಿತ್ತಳೆ ಮತ್ತು ಹಸಿ ಫೆನೆಲ್ ಗಡ್ಡೆ, ತೆಳ್ಳಗೆ ಹೆಚ್ಚಿ. ಫೆನೆಲ್ ಗಡ್ಡೆ ನಮ್ಮ ಸೋಂಪಿನ ವಾಸನೆಯದೇ, ಅಗಿದರೆ ಬಾಯಿ ತಂಪಾಗುತ್ತದೆ. ಸಿಸಿಲಿಯಲ್ಲಿ ಅದಕ್ಕೆ ಕಪ್ಪು ಆಲಿವ್ ಹಾಕುವುದುಂಟು, ಇಲ್ಲಿ ಹಾಕಬೇಡಿ.

ಬರುವವರು ಯಾರು ಅಂತ ಕೇಳಿಕೊಳ್ಳಿ

ನಮ್ಮವರು ಸೇರುವ ಊಟದಲ್ಲಿ ಇದು ಮುಖ್ಯ. ಮಾಂಸವನ್ನ ಸಲಾಡಿಗೆ ಬೆರೆಸದೆ ಬೇರೆ ತಟ್ಟೆಯಲ್ಲಿ, ಬೇರೆ ಚಮಚ ಇಟ್ಟು ಬಡಿಸಿ. ಒಂದು ಸಲ ಬೆರೆಸಿದ ಮೇಲೆ ಸಲಾಮಿ ತೆಗೆದುಹಾಕಿ ತಿನ್ನಿ ಅಂತ ಸಸ್ಯಾಹಾರಿಗಳಿಗೆ ಹೇಳುವುದು ಸರಿಯಲ್ಲ.

ಮಾಂಸ ತೆಗೆದರೆ ಮುಗೀತು ಅಂದುಕೊಳ್ಳಬೇಡಿ, ಚೀಸ್ ಇದೆ. ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸನ್ನ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಹೆಪ್ಪುಗಟ್ಟಿಸುವ ರೆನೆಟ್ ಹಾಕಿಯೇ ಮಾಡಬೇಕು, ಅದು ಆ ಹೆಸರಿನ ಕಾನೂನು. ಗ್ರಾನಾ ಪದಾನೊ ಕೂಡ ಹಾಗೇ. ಪೆಕೊರಿನೊ ರೊಮಾನೊಗೆ ಕುರಿಮರಿಯ ರೆನೆಟ್. ಪ್ರೊವೊಲೋನೆಯಲ್ಲಿ ಎರಡೂ ಥರ ಸಿಗುತ್ತದೆ. ಇಂಡಿಯಾದಲ್ಲಿ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿ. ಅಮೆರಿಕದಲ್ಲಿ ಆ ಚುಕ್ಕೆ ಇರುವುದಿಲ್ಲ, ಪದಾರ್ಥಗಳ ಪಟ್ಟಿಯಲ್ಲಿ ಮೈಕ್ರೋಬಿಯಲ್ ಅಥವಾ ವೆಜಿಟೇರಿಯನ್ ರೆನೆಟ್ ಅಂತ ಬರೆದಿದೆಯಾ ಓದಿ. ಬರೀ ಎಂಜೈಮ್ಸ್ ಅಂತಿದ್ದರೆ ಯಾವುದರದ್ದು ಅಂತ ಗೊತ್ತಾಗುವುದಿಲ್ಲ, ನಾನು ಅಂಥದನ್ನ ಅತ್ತೆಗೆ ಬಡಿಸಲಿಲ್ಲ. ಬಾಟಲಿ ಡ್ರೆಸ್ಸಿಂಗ್‌ಗಳಲ್ಲಿ ಕೆಲವಕ್ಕೆ ಆಂಚೊವಿ ಮೀನು ಹಾಕಿರುತ್ತಾರೆ, ಅದನ್ನೂ ನೋಡಿ. ಡ್ರೆಸ್ಸಿಂಗ್ ಮನೆಯಲ್ಲೇ ಮಾಡೋದು ಐದು ನಿಮಿಷ: ಮೂರು ಪಾಲು ಎಣ್ಣೆ, ಒಂದು ಪಾಲು ವಿನೆಗರ್, ಓರೆಗಾನೊ.

ಎಷ್ಟು, ಯಾವಾಗ

ಎಂಟು ಜನಕ್ಕೆ ನನ್ನ ಲೆಕ್ಕ ಹೀಗೆ. ಸಲಾಡ್ ಒಂದು ದೊಡ್ಡ ಬಟ್ಟಲು, ಒಂದು ಬ್ರೆಡ್, ಒಂದು ಬಿಸಿ ಪದಾರ್ಥ, ಒಂದು ಹಣ್ಣು. ಅಷ್ಟೇ. ಬ್ರೆಡ್ ತಲೆಗೆ ಮೂರು ತುಂಡು. ಆಲೂಗಡ್ಡೆ ಆದರೆ ಒಟ್ಟು ಒಂದೂವರೆ ಕಿಲೋ, ಸೂಪ್ ಆದರೆ ತಲೆಗೆ 200 ಮಿಲಿಲೀಟರ್, ಪಾಸ್ತಾ ಆದರೆ ತಲೆಗೆ 50 ಗ್ರಾಂ ಮೀರಬೇಡಿ, ಇದು ಪಕ್ಕದ ಪದಾರ್ಥ ಅನ್ನೋದು ನೆನಪಿರಲಿ. ಫರಿನಾಟಾ ಮೇಲೆ ಹೇಳಿದ ಅಳತೆ ಸಾಕು.

ಏಳು ಗಂಟೆಗೆ ಊಟ ಅಂದುಕೊಳ್ಳಿ. ಹಿಂದಿನ ರಾತ್ರಿ ಫೊಕಾಚಾ ಹಿಟ್ಟು. ಮಧ್ಯಾಹ್ನ ಎರಡಕ್ಕೆ ಕಡಲೆಹಿಟ್ಟು ಕಲಸಿಡಿ. ನಾಲ್ಕಕ್ಕೆ ಫೊಕಾಚಾ ಹಿಟ್ಟು ಟ್ರೇಗೆ, ಆರಕ್ಕೆ ಅವನ್‌ಗೆ. ಲೆಟ್ಯೂಸ್ ತೊಳೆದು ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಲ್ಲಿಡಿ, ಒಂದು ಹನಿ ನೀರು ಉಳಿದರೂ ಡ್ರೆಸ್ಸಿಂಗ್ ಅಂಟುವುದಿಲ್ಲ. ಆರೂವರೆಗೆ ಚೀಸ್ ಮತ್ತು ಆಲಿವ್ ಫ್ರಿಜ್ಜಿಂದ ಹೊರಗೆ, ತಣ್ಣಗಿದ್ದರೆ ಚೀಸಿಗೆ ರುಚಿಯೇ ಇರುವುದಿಲ್ಲ. ಅದೇ ಹೊತ್ತಿಗೆ ಫೊಕಾಚಾ ಹೊರಗೆ, ಅವನ್ ಇನ್ನೂ ಜೋರು ಮಾಡಿ ಫರಿನಾಟಾ ಒಳಗೆ. ಕರಬೂಜ ಹೆಚ್ಚಿ. ಎಲ್ಲರೂ ಕೂತ ಮೇಲೆ, ಕೂತ ಮೇಲೆಯೇ, ಸಲಾಡಿಗೆ ಡ್ರೆಸ್ಸಿಂಗ್ ಹಾಕಿ ಕೈಯಲ್ಲಿ ಕಲಸಿ. ಮುಂಚೆ ಹಾಕಿದರೆ ಲೆಟ್ಯೂಸ್ ಬಾಡಿ ತಳದಲ್ಲಿ ನೀರು ನಿಲ್ಲುತ್ತದೆ.

ಕುಡಿಯೋಕೆ ನೀರು, ಅದರಲ್ಲಿ ಎರಡು ನಿಂಬೆ ಬಿಲ್ಲೆ. ಸೋಡಾ ನೀರಾದರೆ ಎಣ್ಣೆ ತಿಂದ ಬಾಯಿಗೆ ಇನ್ನೂ ಹಿತ.

ಈ ಸಲ ಅತ್ತೆ ಮತ್ತೆ ಬಂದಿದ್ದಾರೆ. ಹೋದ ಭಾನುವಾರ ಫರಿನಾಟಾ, ಉಪ್ಪು ಕಮ್ಮಿ ಹಾಕಿದ ಫೊಕಾಚಾ, ಕರಬೂಜ ಇಟ್ಟಿದ್ದೆ. ಆಲಿವ್ ಎರಡನೇ ಸಲ ಹಾಕಿಸಿಕೊಂಡರು. ಮೊಸರನ್ನದ ಮಾತು ಬರಲಿಲ್ಲ, ಫ್ರಿಜ್ಜಲ್ಲಿ ಮಾಡಿಟ್ಟಿದ್ದೆ ಆದರೂ.

ಉಳಿದದ್ದನ್ನ ಬಿಸಾಡಬೇಡಿ. ಲಿವೋರ್ನೊ ಊರಲ್ಲಿ ಕಡಲೆಹಿಟ್ಟಿನ ಈ ರೊಟ್ಟಿಯನ್ನ ಬ್ರೆಡ್ ಮಧ್ಯೆ ಇಟ್ಟು ಮಾರುತ್ತಾರೆ, ಹೆಸರು ಚಿಂಕ್ವೆ ಎ ಚಿಂಕ್ವೆ, ಅಂದರೆ ಐದು ಮತ್ತು ಐದು. ಹಿಂದೆ ಐದು ಕಾಸಿನ ಬ್ರೆಡ್ಡಿಗೆ ಐದು ಕಾಸಿನ ಕಡಲೆರೊಟ್ಟಿ ಅಂತ ಕೇಳುತ್ತಿದ್ದರಂತೆ. ಮಾರನೇ ಬೆಳಗ್ಗೆ ಫೊಕಾಚಾ ಅಡ್ಡಕ್ಕೆ ಸೀಳಿ, ಕಾವಲಿ ಮೇಲೆ ಬಿಸಿ ಮಾಡಿದ ಫರಿನಾಟಾ ಒಳಗಿಟ್ಟು, ಸಲಾಡಲ್ಲಿ ಉಳಿದ ಕೆಂಪು ಕ್ಯಾಪ್ಸಿಕಂ ಎರಡು ಎಳೆ ಹಾಕಿ, ಅಂಗೈಯಿಂದ ಒಮ್ಮೆ ಒತ್ತಿ ಡಬ್ಬಿಗೆ ತುಂಬಿ.